ನಿವೃತ್ತರ ಕೂಟಕ್ಕೆ ನರ್ಸಮ್ಮನನ್ನು ಕರೆಸಿದ ಮಂಜುನಾಥಪ್ಪನವರು

ನಮ್ಮ ಸೀಮೆಯಲ್ಲಿ ಭಾಷಣ ಮಾಡಿ ಹೆಸರಾದವರು ಬೇಕಾದಷ್ಟು ಮಂದಿ ಇದ್ದಾರೆ. ತಾವು ಒಂದು ಭಾಷಣವನ್ನೂ ಮಾಡದೆ, ಬೇರೆಯವರಿಂದ ಮಾಡಿಸಿಯೇ ಹೆಸರಾದವರು, ನಾನು ಬಲ್ಲಂತೆ, ಸಾಗರದ ವಿಶ್ರಾಂತ ನೌಕರರ ಕೂಟದ ಕಾರ್ಯದರ್ಶಿ ಶ್ರೀ ಮಂಜುನಾಥಪ್ಪನವರೊಬ್ಬರೇ. ರಿಪ್ಪನ್‌ಪೇಟೆಯ ಅಂಚೆ ಮಾಸ್ತರರಾಗಿ ನಿವೃತ್ತರಾದ ಅವರು, ೧೯೬೧ರಲ್ಲಿ ಕೂಟ ಹುಟ್ಟಿದಂದಿನಿಂದ ಎಂಟು ವರ್ಷ ಈ ಹೊಣೆ ಹೊತ್ತು, ಅರವತ್ತೈದು ತುಂಬಿದ ಈ ಹೊತ್ತಿನಲ್ಲಿ ಅದನ್ನು ಇಳಿಸುತ್ತಿದ್ದಾರೆ. ನಿವೃತ್ತರ ಕೂಟದಿಂದಲೂ ನಿವೃತ್ತರಾಗುವ ಗೌರವ ಎಲ್ಲರಿಗೂ ಒದಗುವಂಥದಲ್ಲ.

ಆರಂಭದ ವರ್ಷಗಳಲ್ಲಿ ನಮ್ಮ ಗುರುವಾರದ ಉಪನ್ಯಾಸಗಳಿಗೆ ಎರಡೇ ವಿಷಯಗಳಿದ್ದವು: ಮೋಕ್ಷ ಮತ್ತು ಮಲಬದ್ಧತೆ. ಪರಲೋಕದ ದಾರಿ ತೋರಿಸುವವರೂ, ಅಲ್ಲಿಯವರೆಗೆ ದೇಹ ಕಾಯ್ದುಕೊಳ್ಳುವ ಬಗೆ ತಿಳಿಸುವವರೂ ಸರದಿಯಂತೆ ಬರುತ್ತಿದ್ದರು. ಸದಸ್ಯರು ಅರೆನಿದ್ರೆಯಲ್ಲಿ ಕೇಳಿ, ಅವಲಕ್ಕಿ ಬಂದಾಗ ಪೂರ್ಣ ಎಚ್ಚರಗೊಳ್ಳುತ್ತಿದ್ದರು. ೧೯೬೪ರ ಒಂದು ಸಮಿತಿ ಸಭೆಯಲ್ಲಿ ಮಂಜುನಾಥಪ್ಪನವರು, ಮುಂದಿನ ಅತಿಥಿ ಯಮುನಮ್ಮನವರಾಗಲಿ ಎಂದರು. ಅಧ್ಯಕ್ಷರಾದ ನಿವೃತ್ತ ಶಿರಸ್ತೇದಾರ್ ಶ್ರೀಕೃಷ್ಣರಾಯರು ಕನ್ನಡಕದ ಮೇಲಿಂದ ನೋಡಿದರು.

“ಯಾರ್ರೀ ಅದು?”

“ಹೊಸನಗರ ತಾಲ್ಲೂಕಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ನರ್ಸಮ್ಮ, ಸಾರ್.”

“ನಮ್ಮಲ್ಲಿ ಹೆರೋರು ಯಾರಿದಾರೆ?”

“ಯಾರೂ ಇಲ್ಲ. ಸಾಯೋರು ಎಲ್ರೂ ಇದೀವಿ. ಅದನ್ನ ಮೂರು ವರ್ಷದಿಂದ ಕೇಳ್ತಾ ಬಂದಿದೀವಲ್ಲ!”

“ಸಭೆ ಎದ್ದು ಹೋದ್ರೆ?”

“ಕಾರ್ಯದರ್ಶಿ ಕೆಲಸ ಬಿಡ್ತೀನಿ. ಬರೆದು ಕೊಡ್ಲಾ?”

ಪತ್ನಿ ತೀರಿದ ಮೇಲೆ ಆ ಕೆಲಸವೊಂದನ್ನೇ ಹಿಡಿದು ದಿನ ಸಾಗಿಸುತ್ತಿದ್ದವರು ಅದನ್ನೇ ಪಣಕ್ಕಿಟ್ಟದ್ದು ನಮಗೆಲ್ಲ ಸೋಜಿಗವಾಯಿತು. ಕಾರಣವನ್ನು ಅಂದು ಸಂಜೆ, ಮನೆಗೆ ನಡೆಯುತ್ತ ನನಗೆ ಹೇಳಿದರು. ಅವರ ಸೇವೆಯ ಕೊನೆಯ ವರ್ಷ ಯಮುನಮ್ಮನವರ ನಿವೃತ್ತಿಯ ಆದೇಶ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದಿತ್ತು. ಇಂಗ್ಲಿಷಿನಲ್ಲಿದ್ದ ಆ ನಾಲ್ಕು ಸಾಲುಗಳ ಅರ್ಥವನ್ನು ಇವರೇ ಬಿಡಿಸಿ ಹೇಳಿದ್ದರು. ಆಕೆ ಕೇಳಿ, “ಇಷ್ಟೇಯಾ ಮಾಸ್ತರೇ? ಒಂದು ಹಾರನಾದ್ರೂ ಹಾಕ್ತಾರೆ ಅಂತ ಮಾಡಿದ್ದೆ” ಎಂದು ನಕ್ಕು, ಕಾಗದ ಮಡಿಚಿಟ್ಟುಕೊಂಡು ಹೋಗಿದ್ದರು. ನಮ್ಮಲ್ಲಿ ಬೀಳ್ಕೊಡುಗೆಯ ಗ್ರೂಪ್ ಫೋಟೋ ಗೋಡೆಗೆ ತೂಗುಹಾಕದವರು ಒಬ್ಬರೂ ಇರಲಿಲ್ಲ. ಆ ನಗು ಐದು ವರ್ಷ ಮಂಜುನಾಥಪ್ಪನವರ ಮನಸ್ಸಿನಲ್ಲಿ ಕೂತಿತ್ತು.

ಆ ಗುರುವಾರ, ಎದ್ದು ಹೋಗಬೇಕೆಂದೇ ಬಂದವರೂ ಸೇರಿ, ಕುರ್ಚಿ ಸಾಲದಾಯಿತು. ಯಮುನಮ್ಮನವರು ಮಳೆಗಾಲದ ದಾರಿಗಳನ್ನೂ ಹಳ್ಳ ದಾಟಿದ್ದನ್ನೂ ನಾಲ್ಕು ಮಾತಿನಲ್ಲಿ ಹೇಳಿ, “ನಂಗೆ ಭಾಷಣ ಬರಲ್ಲ, ನೀವು ಕೇಳಿ, ಹೇಳ್ತೀನಿ” ಎಂದರು. ಹಿಂದಿನ ಸಾಲಿನಲ್ಲಿ ಎರಡು ಕುರ್ಚಿಗಳು ಕಿರುಗುಟ್ಟಿದವು. ಕೊನೆಗೆ ರಾಯರೇ ಎದ್ದರು.

“ಕಾಡುದಾರೀಲಿ, ಆ ಮಳೇಲಿ, ಹೆಂಗಸು ಒಬ್ಬಳೇ ಏಳೆಂಟು ಮೈಲಿ ನಡೆದೆ ಅಂದ್ರೆ ಸ್ವಲ್ಪ ಹೆಚ್ಚಾಗಲಿಲ್ವಾ?”

“ಒಬ್ಳೇ ಎಲ್ಲಿ ರಾಯ್ರೇ? ಮುಂದೆ ಲಾಟೀನು ಹಿಡ್ಕಂಡು ನೀವೇ ಇದ್ರಲ್ಲ!”

ಸಭೆ ತಟ್ಟನೆ ಎಚ್ಚರವಾಯಿತು.

“ನಿಮ್ಮ ಮಗಳು ವೇದಾವತಮ್ಮನ ಚೊಚ್ಚಲು. ಹತ್ರದ ದಾರಿ ಅಂತ ಹೇಳಿ ಗದ್ದೆಗೆ ಇಳಿಸಿದ್ದೂ ನೀವೇ. ಹುಡುಗ ಹೆಂಗಿದಾನೆ?”

ಹದಿನೈದು ವರ್ಷದ ಹಿಂದೆ, ಹೊಸನಗರದಲ್ಲಿದ್ದಾಗ, ರಾಯರು ದಾರಿಯುದ್ದಕ್ಕೂ ದೇವರನ್ನು ಕೂಗುತ್ತ ಮುಂದೆ ನಡೆದಿದ್ದರು. ಹಿಂದೆ ಕಂಬಳಿಕೊಪ್ಪೆ ಹೊದ್ದು ಬರುತ್ತಿದ್ದವರ ಮುಖ ನೋಡಿರಲಿಲ್ಲ, ಹೆಸರನ್ನೂ ಕೇಳಿರಲಿಲ್ಲ. ಈಗ ನಿಂತಲ್ಲೇ ಕೈಮುಗಿದರು.

“ಎಸ್ಸೆಸ್ಸೆಲ್ಸಿ ಓದ್ತಿದಾನಮ್ಮ. ಗಣಿತ ಬರಲ್ಲ.”

“ದಾರಿ ತಪ್ಪೋದು ಅಜ್ಜನ ಕಡೆಯಿಂದ ಬಂದಿದ್ದು ಬಿಡಿ!”

ಮೊದಲು ನಕ್ಕವರು ರಾಯರೇ. ಆಮೇಲೆ ಪ್ರಶ್ನೆಗಳಿಗೆ ತಡೆಯೇ ಇರಲಿಲ್ಲ. ತಮ್ಮದೇ ಮನೆಯ ಮುಚ್ಚಿದ ಬಾಗಿಲಿನಾಚೆ ಏನು ನಡೆದಿತ್ತೆಂಬುದನ್ನು, ಹೆಂಡತಿಯನ್ನು ಎಂದೂ ಕೇಳದಿದ್ದ ಮುದುಕರು, ಅಂದು ಮೊದಲ ಸಲ ಕೇಳಿ ತಿಳಿದರು. ಒಬ್ಬರೂ ಎದ್ದು ಹೋಗಲಿಲ್ಲ, ಅವಲಕ್ಕಿ ತಣ್ಣಗಾಯಿತು. ಹೊಸನಗರದ ಬಸ್ಸಿನ ಹೊತ್ತಾದಾಗ ಮಾತು ಅರ್ಧಕ್ಕೇ ನಿಂತಿತು.

ನಮ್ಮ ಕೂಟಕ್ಕಿದ್ದುದು ಒಂದೇ ಗಂಧದ ಹಾರ. ಅತಿಥಿಗೆ ಅದನ್ನು ಅರ್ಪಿಸುವುದು, ಅತಿಥಿ ಅದನ್ನು ಮೇಜಿನ ಮೇಲಿಡುವುದು, ಕಾರ್ಯದರ್ಶಿಗಳು ಪೆಟ್ಟಿಗೆಗೆ ಸೇರಿಸುವುದು, ಇದು ಪದ್ಧತಿ. ರಾಯರು ಕೈಗಿತ್ತ ಹಾರವನ್ನು ಯಮುನಮ್ಮನವರು ಕೊರಳಿಗೆ ಹಾಕಿಕೊಂಡು ಒಂದು ಗಳಿಗೆ ನಿಂತು, ತೆಗೆದು, ಸೀರೆಯ ಸೆರಗಿನಲ್ಲಿ ಒರೆಸಿ, ತಮ್ಮ ಚೀಲಕ್ಕೆ ಹಾಕಿಕೊಂಡರು.

“ಅಮ್ಮಾ, ಅದು ಕೂಟದ…” ಎಂದು ಖಜಾಂಚಿ ವಾಸಪ್ಪನವರು ತೊಡಗಿದರು.

“ಬಸ್ಸಿಗೆ ಹೊತ್ತಾಯ್ತು, ಸುಮ್ನಿರಯ್ಯ!” ಎಂದ ರಾಯರು ಚೀಲವನ್ನು ತಾವೇ ಎತ್ತಿಕೊಂಡು ಹೊರಟರು. ಮಂಜುನಾಥಪ್ಪನವರು ಖಾಲಿ ಪೆಟ್ಟಿಗೆಯ ಮುಚ್ಚಳ ಹಾಕಿದರು. ಅಷ್ಟು ತೃಪ್ತಿಯಿಂದ ಪೆಟ್ಟಿಗೆ ಮುಚ್ಚಿದವರನ್ನು ನಾನು ಬೇರೆ ಕಂಡಿಲ್ಲ.

ಅಂದಿನಿಂದ ನಮ್ಮ ವೇದಿಕೆಗೆ ಗಂಧ ಕೆತ್ತುವವರು, ಬಾವಿ ತೋಡುವವರು, ಹಿನ್ನೀರಿನಲ್ಲಿ ತುಮರಿಯ ಲಾಂಚು ನಡೆಸುವವರು ಬಂದರು. ಮೋಕ್ಷಕ್ಕೂ ವರ್ಷಕ್ಕೆರಡು ಗುರುವಾರ ಉಳಿದಿವೆ. ಯಮುನಮ್ಮನವರನ್ನು ಸದಸ್ಯರಾಗಿ ಎಂದು ರಾಯರೇ ಕರೆದಾಗ, “ಗಂಡಸ್ರು ಕುಂತು ಹರಟೋ ಜಾಗಕ್ಕೆ ಬರಾಕೆ ನಂಗೆಲ್ಲಿ ಪುರುಸೊತ್ತು?” ಎಂದರು.

ಈ ಅಭಿನಂದನ ಗ್ರಂಥದ ಸುದ್ದಿ ತಿಳಿಸಲು ಹೋದಾಗ ಮಂಜುನಾಥಪ್ಪನವರು ಕಿವಿಗೆ ಕೈ ಹಿಡಿದು ಕೇಳಿ, “ಪುಸ್ತಕ ಎಂತಕ್ರೀ? ಯಮುನಮ್ಮನ್ನ ಕರೆಸಿ. ಆವತ್ತು ಅರ್ಧ ಆಗಿತ್ತು, ಅಷ್ಟರಲ್ಲಿ ಬಸ್ಸು ಬಂತು” ಎಂದರು. ಕರೆಸಿದ್ದೇವೆ. ಆಕೆ ಉಳಿದರ್ಧವನ್ನು ಸಾವಕಾಶವಾಗಿ ಹೇಳಲಿ; ಅದು ಮುಗಿದ ಮೇಲೂ ಬಹುಕಾಲ, ಆಯುರಾರೋಗ್ಯವಂತರಾಗಿ, ನಮ್ಮ ಮಂಜುನಾಥಪ್ಪನವರು ಮುಂದಿನ ಸಾಲಿನಲ್ಲಿ ಕುಳಿತು, “ಜೋರಾಗಿ ಹೇಳಿ” ಎನ್ನುತ್ತಿರಲಿ.