ಕಪಾಟಿನಲ್ಲಿಟ್ಟ ಮಾತ್ರೆ

ಇದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನೇ ಓದಿ ನಗುತ್ತಿದ್ದೆ. ಕುಲೆ, ಪ್ರೇತ, ಮಾಟ ಎಂದು ಯಾರು ಶುರು ಮಾಡಿದರೂ ಅವರ ಬಾಯಿ ಮುಚ್ಚಿಸುವುದು ನನ್ನ ಚಾಳಿ. ಗುರುವಾಯನಕೆರೆಯಲ್ಲಿ ನನ್ನದು ಪಂಪು ರಿಪೇರಿ ಅಂಗಡಿ. ಟೆಸ್ಟರ್ ಇಟ್ಟರೆ ದೀಪ ಉರಿಯಬೇಕು, ಇಲ್ಲವಾದರೆ ಕರೆಂಟಿಲ್ಲ. ನನ್ನ ನಂಬಿಕೆ ಅಷ್ಟೇ. ಆದರೆ ನಾಲ್ಕು ವರ್ಷದ ಹಿಂದೆ ನನ್ನ ಮೈಯಲ್ಲೇ ಆದದ್ದನ್ನು ಇಲ್ಲ ಎನ್ನಲು ನನ್ನಿಂದಾಗುತ್ತಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅಕ್ಕನಿಗೆ ಕ್ಯಾನ್ಸರ್ ಆಗಿತ್ತು. ಸ್ತನದಲ್ಲಿ ಶುರುವಾದದ್ದು ಸೊಂಟದ ಎಲುಬಿಗೆ ಇಳಿದಿತ್ತು. ಅಮ್ಮ ತೀರಿಕೊಂಡ ಮೇಲೆ ಬೀಡಿ ಕಟ್ಟಿ ನನ್ನನ್ನು ಸಾಕಿದವಳು ಅವಳು. ಮದುವೆಯಾಗಲಿಲ್ಲ, ಪುಂಜಾಲಕಟ್ಟೆಯ ನಮ್ಮ ಮನೆಯಲ್ಲೇ ಇದ್ದಳು. ಮಂಗಳೂರಿನ ಡಾಕ್ಟರು ಎರಡು ಬಗೆಯ ಮಾತ್ರೆ ಕೊಟ್ಟಿದ್ದರು. ನೋವಿಗೆ ಮಾರ್ಫಿನ್, ನಾಲ್ಕು ಗಂಟೆಗೊಂದು. ರಾತ್ರಿ ಮಲಗುವಾಗ ಒಂದು ನಿದ್ದೆ ಮಾತ್ರೆ. "ನೋವು ಜೋರಾಗುವವರೆಗೆ ಕಾಯಬೇಡಿ, ಹೊತ್ತಿಗೆ ಸರಿಯಾಗಿ ಕೊಡಿ" ಎಂದು ಎರಡೆರಡು ಸಲ ಹೇಳಿದ್ದರು. ನಾನು ತಲೆಯಾಡಿಸಿ ಬಂದೆ.

ಬಂದವನು ಮಾಡಿದ್ದೇನು? ಮಾರ್ಫಿನನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಚಟ ಹಿಡಿಯುತ್ತದೆ, ಅದು ಕೊನೆಗಾಲದ ಮದ್ದು, ಶುರು ಮಾಡಿದರೆ ಮನುಷ್ಯ ಮತ್ತೆ ಏಳುವುದಿಲ್ಲ ಎಂದು ನನಗೆ ಹೇಳಿದವರಲ್ಲಿ ಒಬ್ಬನೂ ಡಾಕ್ಟರಲ್ಲ. ನೋಡಲು ಬಂದ ನೆಂಟರು, ಬಸ್ಸಿನಲ್ಲಿ ಸಿಕ್ಕ ಪರಿಚಯದವರು, ಮೊಬೈಲಿಗೆ ಬಂದ ಯಾವುದೋ ಸಂದೇಶ. ಓದಿದ ಡಾಕ್ಟರನ್ನು ಬಿಟ್ಟು ಇವರನ್ನು ನಂಬಿದೆ. ನಿದ್ದೆ ಮಾತ್ರೆಯ ವಿಷಯದಲ್ಲಾದರೋ ನಮಗೆ ಯಾವ ಹೆದರಿಕೆಯೂ ಇರಲಿಲ್ಲ! ರಾತ್ರಿಯದು ಸಾಲದೆಂದು ಮಧ್ಯಾಹ್ನ ಊಟದ ಮೇಲೂ ಒಂದು ಕೊಡತೊಡಗಿದೆವು. ಸೇಬು, ಬಿಸ್ಕೆಟು ಹಿಡಿದುಕೊಂಡು ನೆಂಟರು ಬರುತ್ತಿದ್ದದ್ದು ಆ ಹೊತ್ತಿಗೇ. ಅವರೆದುರು ಅಕ್ಕ ನರಳಬಾರದಲ್ಲ.

"ನನಗೆ ನಿದ್ದೆ ಬೇಡ ಮಾರಾಯ, ನೋವು ಹೋಗ್ಲಿ" ಎನ್ನುತ್ತಿದ್ದಳು ಅಕ್ಕ. "ನಿದ್ದೆಯಲ್ಲಿಯೂ ನೋವು ಉಂಟು. ಬೊಬ್ಬೆ ಹಾಕ್ಲಿಕ್ಕೆ ಆಗುದಿಲ್ಲ, ಅಷ್ಟೇ. ಎರಡು ಗಂಟೆ ನೋವಿಲ್ಲದೆ ಎಚ್ಚರ ಇದ್ರೆ ಸಾಕು, ಜಗಲಿಯಲ್ಲಿ ಕೂತುಕೊಳ್ತೇನೆ."

ನೋವು ಹೇಗಿರುತ್ತದೆ ಎಂದು ಒಮ್ಮೆ ಕೇಳಿದ್ದೆ. ಬಲಸೊಂಟದ ಎಲುಬಿನೊಳಗೆ ಹಲ್ಲುನೋವು ಬಂದ ಹಾಗೆ, ಮೊಣಕಾಲಿನವರೆಗೆ ಜಗ್ಗುತ್ತದೆ ಎಂದಳು. ಸೊಂಟಕ್ಕೂ ಹಲ್ಲು ಬಂತಾ ಎಂದು ನಾನು ನಕ್ಕೆ. ಆ ನಗು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅದೊಂದು ಭಾನುವಾರ ಮಧ್ಯಾಹ್ನ. ನಿದ್ದೆ ಮಾತ್ರೆ ಕೊಟ್ಟು ಅರ್ಧ ಗಂಟೆಯಾಗಿತ್ತು. ಮಂಚದ ಸುತ್ತ ನೆಂಟರು ಕುಳಿತಿದ್ದರು. "ಎಷ್ಟು ಆರಾಮ ಮಲಗಿದ್ದಾರೆ ನೋಡಿ, ಪುಣ್ಯವಂತೆ" ಎಂದರು ಒಬ್ಬರು. ಚಹಾದ ತಟ್ಟೆ ಹಿಡಿದು ನಿಂತಿದ್ದ ನನಗೆ ಬಲಸೊಂಟದಲ್ಲಿ ಶುರುವಾಯಿತು. ಹಲ್ಲುನೋವೇ. ಬೇರೆ ಹೆಸರು ಅದಕ್ಕಿಲ್ಲ. ಎಲುಬಿನೊಳಗಿನಿಂದ ಹೊರಟು ಮೊಣಕಾಲಿನವರೆಗೆ ಜಗ್ಗಿತು. ತಟ್ಟೆಯನ್ನು ಹೇಗೋ ಕೆಳಗಿಟ್ಟು ಗೋಡೆ ಹಿಡಿದುಕೊಂಡೆ. ಅಕ್ಕನ ಮುಖದಲ್ಲಿ ಏನೂ ಇರಲಿಲ್ಲ. ಆದರೆ ಅವಳ ಬೆರಳುಗಳು ಹೊದಿಕೆಯ ಅಂಚನ್ನು ಬೀಡಿ ಸುತ್ತುವ ಹಾಗೆ ಸುತ್ತಿ ಸುತ್ತಿ ಹಿಂಡುತ್ತಿದ್ದವು. ಐದು ಗಂಟೆಗೆ ಅವಳು ಎಚ್ಚರಗೊಂಡು "ಅಮ್ಮಾ" ಎಂದು ಕೂಗಿದಳು. ಆ ಕ್ಷಣಕ್ಕೆ ನನ್ನ ನೋವು ನಿಂತಿತು.

ಆ ರಾತ್ರಿಯೂ, ಸೋಮವಾರವೂ ಹಾಗೆಯೇ ಆಯಿತು. ಅವಳು ಮಲಗಿದಾಗ ಬಂತು, ಎದ್ದಾಗ ಹೋಯಿತು. ಮಂಗಳವಾರ ಬೆಳಿಗ್ಗೆ ಬೆಳ್ತಂಗಡಿಗೆ ಹೋಗಿ ಎಕ್ಸ್‌ರೇ ತೆಗೆಸಿದೆ. ಎಲುಬು ಚೆನ್ನಾಗಿಯೇ ಇತ್ತು. ಆಗ ನನಗೊಂದು ಹಟ ಬಂತು. ಇದನ್ನೂ ಪರೀಕ್ಷೆ ಮಾಡಿಯೇ ಬಿಡುವ ಎಂದುಕೊಂಡೆ. "ಇವತ್ತು ಮಧ್ಯಾಹ್ನದ ಮಾತ್ರೆ ಕೊಡಬೇಡ" ಎಂದು ಹೆಂಡತಿ ಶಶಿಕಲಾಗೆ ಫೋನಿನಲ್ಲಿ ಹೇಳಿ, ತಾಮ್ರದ ತಂತಿ ತರಲು ಮೂಡುಬಿದಿರೆಗೆ ಹೋದೆ. ಅಕ್ಕನನ್ನು ಮಲಗಿಸದಿದ್ದರೆ ನನಗೆ ನೋವು ಬರಬಾರದು.

ಎರಡೂ ಮುಕ್ಕಾಲಿಗೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ನೋವು ಬಂತು. ಕಂಬಕ್ಕೆ ಒರಗಿ ಮನೆಗೆ ಫೋನ್ ಮಾಡಿದೆ. ಅಕ್ಕನಿಗೆ ಮಾತ್ರೆ ಕೊಟ್ಟೆಯಾ ಎಂದು ಕೇಳಿದೆ.

"ನೀವು ಬೇಡ ಅಂದಿದ್ರಿ. ಆದ್ರೆ ಸೋದರತ್ತೆ ಬಂದ್ರು, ಅಕ್ಕ ಒಂದೇ ಸಮ ನರಳ್ತಾ ಇದ್ರು, ನೋಡ್ಲಿಕ್ಕಾಗದೆ ಮಾತ್ರೆ ಕೊಟ್ಟೆ. ಈಗಷ್ಟೇ ನಿದ್ದೆ ಬಂತು." ಆಮೇಲೆ ಕೇಳಿದಳು, "ನಿಮಗೆ ಯಾರು ಹೇಳಿದ್ದು?"

ಬಸ್ಸಿನಲ್ಲಿ ಕುಳಿತುಕೊಳ್ಳಲಾಗದೆ ನಿಂತೇ ಬಂದೆ. ಗುರುವಾಯನಕೆರೆ ದಾಟುವಾಗ ನೋವು ಹೋಯಿತು. ಅಕ್ಕನಿಗೆ ಎಚ್ಚರವಾಯಿತು ಎಂದು ತಿಳಿಯಿತು. ಮನೆಗೆ ಹೋದವನೇ ಚಪ್ಪಲಿ ಕೂಡ ಕಳಚದೆ ಕಪಾಟು ತೆರೆದು, ಡಾಕ್ಟರು ಹೇಳಿದ ಮಾತ್ರೆ ಕೊಟ್ಟೆ. ಅಂದಿನಿಂದ ಅದರ ಹೊತ್ತು ತಪ್ಪಿಸಲಿಲ್ಲ, ಮಧ್ಯಾಹ್ನದ ನಿದ್ದೆ ಮಾತ್ರೆ ನಿಲ್ಲಿಸಿದೆ. ಎರಡು ದಿನ ಅವಳು ತೂಕಡಿಸಿದಳು. ಮೂರನೆಯ ದಿನ ಕಾಫಿ ಬೇಕೆಂದಳು, ಜಗಲಿಗೆ ಬಂದು ಕುಳಿತು ಬೀಡಿ ಎಲೆಯ ಮೊರವನ್ನು ಮಡಿಲಿಗೆ ತರಿಸಿಕೊಂಡಳು. ಮತ್ತೆ ಎರಡು ತಿಂಗಳು ಬದುಕಿದಳು. ಚಟವೂ ಹಿಡಿಯಲಿಲ್ಲ, ಮಣ್ಣೂ ಇಲ್ಲ! ನನಗೆ ಆ ನೋವು ಮತ್ತೆಂದೂ ಬರಲಿಲ್ಲ.

ಅದು ಮನಸ್ಸಿನ ಆಟ, ತಪ್ಪಿತಸ್ಥ ಮನಸ್ಸು ಮೈಯನ್ನು ಹಾಗೆ ಆಡಿಸುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಹಾಗಾದರೆ ಮೂಡುಬಿದಿರೆಯಲ್ಲಿ ನಿಂತಿದ್ದ ನನ್ನ ಮೈಗೆ ಮನೆಯ ಸುದ್ದಿ ಮುಟ್ಟಿದ್ದು ಹೇಗೆ? ಕೇಳಿದರೆ ಅವರು ಮಾತು ಬದಲಿಸುತ್ತಾರೆ. ನನಗೂ ಗೊತ್ತಿಲ್ಲ.

ಆ ಮೂರನೆಯ ದಿನವೇ ಜಗಲಿಯಲ್ಲಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಆಶ್ಚರ್ಯಪಡುತ್ತಾಳೆ ಅಂದುಕೊಂಡಿದ್ದೆ. ಅವಳಿಗೆ ಬಂದದ್ದು ಸಿಟ್ಟು.

"ನಿನಗೆ ಮೂರು ದಿನ ನೋವಾಯ್ತು, ಕಪಾಟು ತೆರೆದೆ. ನಾನು ಒಂದು ತಿಂಗಳಿಂದ ಬಾಯಿಬಿಟ್ಟು ಹೇಳ್ತಾ ಇದ್ದೆನಲ್ಲ, ಅದು ನಿನಗೆ ಸಾಕಾಗ್ಲಿಲ್ಲವಾ?"

ನಾನು ಮೊರದಿಂದ ಎಲೆಯೊಂದನ್ನು ತೆಗೆದು, ಕತ್ತರಿಸಿ, ಸುತ್ತಲು ಅವಳ ಕೈಗೆ ಕೊಟ್ಟೆ.