ಸೀಲು ಮಾವನ ಮುಂಗೋಪ

ಮೂವತ್ತೆರಡು ವರ್ಷಗಳಲ್ಲಿ ತಾನು ಒಂದೇ ಒಂದು ಭಾನುವಾರದ ಆರಾಧನೆಯನ್ನೂ ತಪ್ಪಿಸಿಲ್ಲ, ವಿಶ್ವಾಸದಲ್ಲಿ ತನ್ನನ್ನು ಮೀರಿಸುವವನು ಈ ಊರಲ್ಲಿ ಇನ್ನು ಹುಟ್ಟಿ ಬರಬೇಕಷ್ಟೆ ಎಂದು ಸೀಲು ಮಾವ ಹೇಳಿಕೊಳ್ಳುತ್ತಿದ್ದ. ಸುಳ್ಳಲ್ಲ. ಜ್ವರ ಬಂದರೆ ಜ್ವರವನ್ನೂ ಜೊತೆಗೆ ಕರೆದುಕೊಂಡು ಚರ್ಚಿಗೆ ಹೋಗುತ್ತಿದ್ದ. ಮೂರನೆಯ ಬೆಂಚಿನ ಗೋಡೆ ಕಡೆಯ ತುದಿ ಅವನು ಕೂತು ಕೂತು ಎಷ್ಟು ತಗ್ಗಾಗಿತ್ತೆಂದರೆ, ಅಪ್ಪಿತಪ್ಪಿ ಬೇರೆ ಯಾರಾದರೂ ಅಲ್ಲಿ ಕೂತರೆ ಮೇಲೆತ್ತಲು ಇಬ್ಬರು ಬೇಕಾಗುತ್ತಿತ್ತು. ಪಾದ್ರಿಗಳು ಪ್ರಸಂಗದ ನಡುವೆ ಮಾತು ಮರೆತರೆ ಅದನ್ನು ಬೆಂಚಿನಿಂದಲೇ ಎತ್ತಿಕೊಡುತ್ತಿದ್ದ.

ಅವನ ಕಸುಬು ರಬ್ಬರ್ ಸೀಲು ಮಾಡುವುದು. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಅಂಗಡಿ. ಒಂದು ಗೋಡೆಗೆ ಸೀಸದ ಅಕ್ಷರದ ಮೊಳೆಗಳ ಖಾನೆ, ಇನ್ನೊಂದಕ್ಕೆ ರಬ್ಬರನ್ನು ಕಾಯಿಸಿ ಒತ್ತುವ ಯಂತ್ರ, ನಡುವೆ ಮಾವ ಮತ್ತು ಅವನ ತಮ್ಮ. ಮೊಳೆ ಜೋಡಿಸುವುದು ತಮ್ಮನ ಕೆಲಸ. ಸೀಲಿನ ಅಕ್ಷರಗಳೆಲ್ಲ ತಿರುಗುಮುರುಗಾಗಿ ಕೂರಬೇಕಲ್ಲ, ಅವುಗಳನ್ನು ಓದೀ ಓದೀ ಅವನು ಮದುವೆಯ ದಿನ ಹೆಂಡತಿಯ ಹೆಸರನ್ನೂ ಕೊನೆಯಿಂದ ಕರೆದನೆಂದು ಪ್ರತೀತಿ. ಮಾತಿನಲ್ಲಿ ಮೆತ್ತಗೆ, ಕೆಲಸದಲ್ಲಿ ಗಟ್ಟಿ.

ಮಾವನಿಗಿದ್ದ ಒಂದೇ ರೋಗ ಮುಂಗೋಪ. ಅದು ಮೂಗಿನ ತುದಿಯಲ್ಲಿತ್ತು ಎಂದರೆ ಸಾಲದು, ಮೂಗಿಗಿಂತ ನಾಲ್ಕು ಅಂಗುಲ ಮುಂದೆ ನಡೆಯುತ್ತಿತ್ತು. ಅವನು ಗುಡುಗಿದರೆ ಎದುರಿನ ಚಪ್ಪಲಿ ಅಂಗಡಿಯಲ್ಲಿ ಜೋಡಿ ಜೋಡಿ ಚಪ್ಪಲಿಗಳು ಹೆದರಿ ಬೇರೆ ಬೇರೆಯಾಗುತ್ತಿದ್ದವು. ಇದು ಪಾಪವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಅದಕ್ಕೊಂದು ಏರ್ಪಾಡನ್ನೂ ಮಾಡಿದ್ದ.

ಚರ್ಚಿನ ಬಾಗಿಲ ಬಳಿ ಮರದ ಪೆಟ್ಟಿಗೆಯೊಂದಿತ್ತು. ಯಾವುದಕ್ಕೆ ಪ್ರಾರ್ಥನೆ ಬೇಕೋ ಅದನ್ನು ಚೀಟಿಯಲ್ಲಿ ಬರೆದು ಹಾಕಿದರೆ ಬುಧವಾರ ಬೆಳಿಗ್ಗೆ ಎಂಟು ಮಂದಿ ಹೆಂಗಸರು ಕೂಡಿ ಪ್ರಾರ್ಥಿಸುತ್ತಿದ್ದರು. ವಾರ ವಾರ ಬರೆಯುವ ಕಷ್ಟ ಯಾಕೆಂದು ಮಾವ ತನ್ನ ಅಂಗಡಿಯಲ್ಲೇ ಒಂದು ಸೀಲು ಮಾಡಿಸಿಕೊಂಡ: ‘ನನ್ನ ಮುಂಗೋಪ ಹೋಗುವಂತೆ ಪ್ರಾರ್ಥಿಸಿರಿ.’ ಭಾನುವಾರ ಬೆಳಿಗ್ಗೆ ಚೀಟಿಗೆ ಠಪ್ಪೆಂದು ಒಂದು ಗುದ್ದು, ಪೆಟ್ಟಿಗೆಗೆ ಹಾಕಿ ಕೈ ತೊಳೆದುಕೊಂಡರೆ ಆಯಿತು. ಹೀಗೆ ಹದಿನಾಲ್ಕು ವರ್ಷ. ಕೋಪ ಹೋಗಲಿಲ್ಲ. ಹೋಗದಿದ್ದರೆ ಅದು ಆ ಎಂಟು ಮಂದಿಯ ಪ್ರಾರ್ಥನೆಯಲ್ಲಿನ ಕೊರತೆ ಎಂಬುದು ಮಾವನ ಖಚಿತ ಅಭಿಪ್ರಾಯ.

ಒಂದು ಶನಿವಾರ ಬೀದಿಯ ಕೊನೆಯ ಹಲ್ಲಿನ ಡಾಕ್ಟರು ಇಲ್ಲೇ ಮಾಡಿಸಿದ್ದ ಹೊಸ ಸೀಲು ಹಿಡಿದು ಅಂಗಡಿಗೆ ಬಂದರು.

“ಮಾವ, ಇದರಲ್ಲಿರೋ ಫೋನ್ ನಂಬರು ಕೋಳಿ ಅಂಗಡೀದು. ಹಲ್ಲು ನೋವು ಅಂದವರನ್ನ ಅವನು ‘ತೊಡೆ ಬೇಕಾ, ಎದೆ ಬೇಕಾ’ ಅಂತ ಕೇಳ್ತಾ ಇದಾನೆ.”

ಮಾವ ತಮ್ಮನ ಕಡೆ ತಿರುಗಿದ. “ಕಣ್ಣನ್ನ ಊಟಕ್ಕೆ ಕಳಿಸಿದ್ದೆಯೇನೋ? ಎರಡು ಅಂಕಿ ಹಿಂದುಮುಂದು! ಕತ್ತೆ ಕೈಗೆ ಮೊಳೆ ಕೊಟ್ಟಿದ್ರೂ ಇದಕ್ಕಿಂತ ಚೆನ್ನಾಗಿ ಜೋಡಿಸ್ತಿತ್ತು!”

ತಮ್ಮ ಕೈಲಿದ್ದ ಮೊಳೆ ಕೆಳಗಿಟ್ಟ. ತಂತಿಗೆ ಚುಚ್ಚಿದ್ದ ಆರ್ಡರು ಚೀಟಿಗಳಲ್ಲಿ ಒಂದನ್ನು ತೆಗೆದು ಮೇಜಿನ ಮೇಲಿಟ್ಟ. ಅದರಲ್ಲೇ ಅಂಕಿಗಳು ಅದಲುಬದಲಾಗಿದ್ದವು. ಬರಹ ಮಾವನದು.

ತಪ್ಪು ತನ್ನದೆಂದು ಗೊತ್ತಾದಾಗ ಮನುಷ್ಯ ತಣ್ಣಗಾಗುತ್ತಾನೆ ಎನ್ನುವವರು ಸೀಲು ಮಾವನನ್ನು ನೋಡಿದವರಲ್ಲ. “ನಾನು ತಪ್ಪು ಬರೆದ್ರೆ ನಿನಗೆ ಬುದ್ಧಿ ಬೇಡ್ವಾ?” ಎಂದು ಎರಡರಷ್ಟು ಕೂಗಿದ. ಡಾಕ್ಟರು ಗೋಡೆಯ ಕ್ಯಾಲೆಂಡರನ್ನು ಮೊದಲ ಸಲ ನೋಡುವವರಂತೆ ನೋಡುತ್ತ ನಿಂತರು.

ತಮ್ಮ ಮಸಿಯ ಏಪ್ರನ್ನು ಬಿಚ್ಚಿ ಮಡಚಿದ. “ಅಣ್ಣ, ಇಪ್ಪತ್ತಾರು ವರ್ಷ ಆಯ್ತು. ಈ ತಿಂಗಳು ಮುಗಿಸಿ ನಾನು ಬೇರೆ ಕಡೆ ನೋಡ್ಕೋತೀನಿ.”

ಅವನು ಕೂಗಿ ಹೇಳಿದ್ದರೆ ಮಾವನಿಗೆ ಉತ್ತರ ಸಿಗುತ್ತಿತ್ತು. ಮೆಲ್ಲಗೆ ಹೇಳಿದ್ದರಿಂದ ಡಾಕ್ಟರ ಸೀಲನ್ನೇ ತಿರುಗಿಸಿ ತಿರುಗಿಸಿ ನೋಡಿದ. ತಂದೆ ಸತ್ತಾಗ ಒಂಬತ್ತು ವರ್ಷದವನಾಗಿದ್ದ ಇವನನ್ನು ಹೆಗಲ ಮೇಲೆ ಹೊತ್ತು ಸಾಕಿದವನು ಮಾವ. ಆ ತಮ್ಮ ಈಗ ಹೊರಟು ನಿಂತಿದ್ದ. ಮಾರನೆಯ ದಿನ ಭಾನುವಾರ. ಮಾವ ಚೀಟಿಗೆ ಎಂದಿಗಿಂತ ಜೋರಾಗಿ ಗುದ್ದಿದ.

ಬುಧವಾರ ಮಧ್ಯಾಹ್ನ ಪ್ರಾರ್ಥನೆಯ ಗುಂಪಿನ ನರ್ಸಮ್ಮ ಅಂಗಡಿಗೇ ಬಂದರು. ಆಸ್ಪತ್ರೆಯಿಂದ ನಿವೃತ್ತರಾದರೂ ಎದುರಿನವನ ನಾಲಿಗೆ ಚಾಚಿಸಿ ನೋಡುವಂಥ ದೃಷ್ಟಿ ಇನ್ನೂ ನಿವೃತ್ತವಾಗಿರಲಿಲ್ಲ. ತಮ್ಮ ಊಟಕ್ಕೆ ಹೋಗಿದ್ದ. ಅವರು ಮಾವನ ಚೀಟಿಯನ್ನು ಮುಂದಿಟ್ಟರು. ಅದರ ಮೇಲೆ ನೀಲಿ ಕಲೆಯೊಂದು ಬಿಟ್ಟರೆ ಏನೂ ಇರಲಿಲ್ಲ.

“ಏನ್ ಬರ್ದಿದೀರಿ ಓದಿ ನೋಡೋಣ.”

“ಸೀಲು ಸವೆದಿದೆ ನರ್ಸಮ್ಮ. ಹೊಸದು ಮಾಡ್ತೀನಿ.”

“ರಬ್ಬರು ಸವೀತು, ಕೋಪ ಸವೀಲಿಲ್ಲ! ಹದಿನಾಲ್ಕು ವರ್ಷ ನಿಮ್ಮ ಕೋಪಕ್ಕೆ ನಾವೆಂಟು ಜನ ಮಂಡಿ ಊರಿದೀವಿ. ಅದರಲ್ಲಿ ಮೂವರಿಗೆ ಮಂಡಿ ಆಪರೇಷನ್ನೇ ಆಗಿದೆ. ನಿಮ್ಮ ಮಂಡಿ ಎಲ್ಲಿತ್ತು ಮಾವ?”

“ನಿಮಗೆ ಒಪ್ಪಿಸಿದ್ದೆನಲ್ಲ...”

“ಒಪ್ಪಿಸೋಕೆ ನಾವೇನು ಬಟ್ಟೆ ಒಗೆಯೋರಾ?” ಎಂದು ನರ್ಸಮ್ಮ ಚೀಟಿಯನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಮಾವ ಸಿಟ್ಟಿನಿಂದ ಹೊಸ ಸೀಲಿಗೆ ತಾನೇ ಮೊಳೆ ಜೋಡಿಸತೊಡಗಿದ. ಅಂಗಡಿಯ ಪದ್ಧತಿಯೆಂದರೆ, ಜೋಡಿಸಿದ ಮೇಲೆ ಚಿಕ್ಕ ಕನ್ನಡಿ ಹಿಡಿದು ನೋಡಬೇಕು, ಆಗ ತಿರುಗಿದ ಅಕ್ಷರ ನೇರವಾಗಿ ಕಾಣುತ್ತದೆ. ‘ನನ್ನ ಮುಂಗೋಪ’ ಎಂಬಷ್ಟನ್ನು ಜೋಡಿಸಿ ಕನ್ನಡಿ ಹಿಡಿದ. ಮಾತು ನೇರವಾಗಿ ಕಂಡಿತು. ಅದರ ಮೇಲೆ ಹುಬ್ಬು ಗಂಟಿಕ್ಕಿ ಮೂಗು ಕೆಂಪಗೆ ಮಾಡಿಕೊಂಡ ಒಬ್ಬ ಮುದುಕನೂ ಕಂಡ. ‘ನನ್ನ’ ಎಂದರೆ ಯಾರದೆಂದು ಮಾವನಿಗೆ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ತಿಳಿಯಿತು. ಕನ್ನಡಿಯನ್ನು ಕೆಳಗಿಟ್ಟ. ಆಮೇಲೆ ಮೊಳೆಗಳನ್ನು ಒಂದೊಂದಾಗಿ ಖಾನೆಗೆ ಹಾಕಿ, ಮೇಜಿನ ಹಿಂದೆ ಇದ್ದಷ್ಟು ಜಾಗದಲ್ಲಿ ಮಂಡಿಯೂರಿದ. ಆ ಮಂಡಿಗಳು ಮಾಡಿದ ಸದ್ದಿಗೆ ಬೀದಿಯಲ್ಲಿ ಯಾರದೋ ಸೈಕಲ್ ಟೈರು ಒಡೆಯಿತೆಂದು ಜನ ಇಣುಕಿ ನೋಡಿದರು. “ಸ್ವಾಮಿ, ಇದು ನಂದೇ. ಇಷ್ಟು ದಿನ ಬೇರೆಯವರ ಕೈಲಿ ಕಳಿಸಿದ್ದೆ,” ಎಂದ.

ಎದ್ದು ಅಂಗಡಿಗೆ ಬೀಗ ಹಾಕಿ, ಊಟ ಮುಗಿಸಿ ಬರುತ್ತಿದ್ದ ತಮ್ಮನ ತೋಳು ಹಿಡಿದುಕೊಂಡು ನೆಟ್ಟಗೆ ಡಾಕ್ಟರ ಕೋಣೆಗೆ ನುಗ್ಗಿದ. ಕುರ್ಚಿಯಲ್ಲಿ ಒಬ್ಬ ಬಾಯಿ ತೆರೆದು ಮಲಗಿದ್ದ.

“ಡಾಕ್ಟ್ರೇ, ಇವನನ್ನ ಬೈದದ್ದು ನಿಮ್ಮೆದುರಿಗೆ, ಅದಕ್ಕೆ ಇದನ್ನೂ ನಿಮ್ಮೆದುರಿಗೇ ಹೇಳ್ಬೇಕು. ತಪ್ಪು ಬರೆದವನು ನಾನು. ಗೊತ್ತಾದ ಮೇಲೂ ಕೂಗಿದವನು ನಾನು. ತಮ್ಮಾ, ಕ್ಷಮಿಸು.”

ಕುರ್ಚಿಯಲ್ಲಿದ್ದವನು ಬಾಯಿ ಮುಚ್ಚುವುದನ್ನೇ ಮರೆತ.

ತಮ್ಮ ಕರಗಿಹೋಗಲಿಲ್ಲ. “ಒಂದು ದಿನದ ಮಾತು ಯಾರು ಬೇಕಾದ್ರೂ ಆಡ್ತಾರೆ ಅಣ್ಣ. ತಿಂಗಳು ಮುಗೀಲಿ, ನೋಡೋಣ.”

ಮಾವ ತಲೆಬಾಗಿ ಒಪ್ಪಿದ. ದಿನಾ ಬೆಳಿಗ್ಗೆ ಬೀಗ ತೆಗೆಯುವ ಮೊದಲು ತನ್ನ ಪ್ರಾರ್ಥನೆಯನ್ನು ತಾನೇ ಮಾಡಿದ. ಸಂಜೆ ಬಾಗಿಲು ಎಳೆಯುವ ಮೊದಲು ತಮ್ಮನನ್ನು ಕೇಳಿದ: “ಇವತ್ತು ಎಷ್ಟು ಸಲ ರೇಗಿದೆ?”

“ಹನ್ನೊಂದು.”

“ಹನ್ನೊಂದಾ? ಬೆಳಿಗ್ಗೆ ಕೆಮ್ಮಿದ್ದನ್ನೂ ಸೇರಿಸಿದೀಯೇನೋ?”

“ಹನ್ನೆರಡು.”

ಮಾವ ಕ್ಷಮೆ ಕೇಳಿಯೇ ಬೀಗ ಹಾಕಿದ. ಒಂದು ವಾರಕ್ಕೆ ಏಳಾಯಿತು, ಮತ್ತೊಂದು ವಾರಕ್ಕೆ ಹದಿನಾಲ್ಕಕ್ಕೆ ಜಿಗಿಯಿತು, ಆಮೇಲೆ ನಾಲ್ಕಕ್ಕಿಳಿಯಿತು. ಬಾಯಿಗೆ ಬಂದ ಮಾತನ್ನು ಹಿಡಿದಿಟ್ಟುಕೊಳ್ಳುವಾಗ ಅವನ ಕಿವಿಯಿಂದ ಹೊಗೆ ಬರುತ್ತಿತ್ತೆಂದೂ, ಆ ಶಾಖಕ್ಕೆ ಯಂತ್ರ ಕಾಯಿಸುವ ಖರ್ಚೇ ಉಳಿಯಿತೆಂದೂ ಚಪ್ಪಲಿ ಅಂಗಡಿಯವನು ಆಣೆ ಇಟ್ಟು ಹೇಳುತ್ತಾನೆ. ಹುಟ್ಟುಗುಣವನ್ನು ಅರವತ್ತರ ಹತ್ತಿರದಲ್ಲಿ, ದಿನಾ ಸೋಲುತ್ತ, ದಿನಾ ಒಪ್ಪಿಕೊಳ್ಳುತ್ತ ತಿದ್ದಲು ಕೂತವನ ಎದೆ ಎಂಥದೆಂದು ಅಳೆಯಲು ಈ ಊರಲ್ಲಿ ಅಳತೆಗೋಲಿಲ್ಲ.

ತಿಂಗಳ ಕೊನೆಯ ದಿನ ತಮ್ಮ ಏಪ್ರನ್ನು ಬಿಚ್ಚಿದ. ಮಾವ ತಡೆಯಲಿಲ್ಲ, ಬೈಯಲಿಲ್ಲ. “ನೀನು ಹೋದರೂ ನಾನು ಈ ಸಂಜೆಯ ಲೆಕ್ಕ ಬಿಡಲ್ಲ ಕಣೋ,” ಎಂದಷ್ಟೇ ಹೇಳಿದ. ತಮ್ಮ ಏಪ್ರನ್ನು ಮತ್ತೆ ಗೂಟಕ್ಕೆ ತಗುಲಿಹಾಕಿ, “ನಾಳೆ ಬೇಗ ಬಾಗಿಲು ತೆಗಿ ಅಣ್ಣ, ಶಾಲೆಯವರ ಆರ್ಡರಿದೆ,” ಎಂದ.

ಇದಾಗಿ ಆರು ವರ್ಷ. ಈಚೆಗೆ ಒಂದು ದಿನ ಡಾಕ್ಟರು ಬಂದಾಗ ಸಂಜೆಯ ಲೆಕ್ಕ ನಡೆದಿತ್ತು. “ಒಂದು,” ಎಂದ ತಮ್ಮ. ಡಾಕ್ಟರು ನಕ್ಕರು.

“ಎಲ್ಲಾ ನೀವೇ ಮಾಡ್ಕೊಂಡ್ರಿ ಅಂದ್ಮೇಲೆ ಆ ಎಂಟು ಜನರ ಪ್ರಾರ್ಥನೆ, ದೇವರ ಕೃಪೆ, ಎಲ್ಲಾ ದಂಡ ಆಯ್ತಲ್ಲ ಮಾವ?”

“ಹೋಗಿ ಡಾಕ್ಟ್ರೇ,” ಎಂದ ಸೀಲು ಮಾವ. “ಬಾಯಿಗೆ ಹಲ್ಲು ಕಟ್ಟಿ ಕಳಿಸ್ತೀರಲ್ಲ, ಅಗಿಯೋಕೂ ನೀವೇ ಮನೆ ಮನೆಗೆ ಹೋಗ್ತೀರಾ?”