ಇತ್ತೊಳ ಕವಣೆ ಮತ್ತು ಸುರುಳಿ ಗೆಲಾಕ್ಸಿ

ಅಟ್ಲಾಸ್ ಬೆಟ್ಟಗಳಲ್ಲಿ ಇತ್ತೊ ಎಂಬಾಕೆಯ ಕವಣೆ ಗುರಿ ತಪ್ಪಿದ್ದೇ ಇಲ್ಲ. ಆಡು ಕಾಯುತ್ತಿದ್ದ ವಯಸ್ಸಿನಲ್ಲಿ ಅವಳ ಕಲ್ಲು ತಿಂದ ತೋಳಗಳ ಮೊಮ್ಮಕ್ಕಳು ಇಂದಿಗೂ ಕುಂಟುತ್ತವೆ.

ಗಂಡ ಸತ್ತ ಮೇಲೆ ಅವಳು ಬೆಟ್ಟದ ನೆತ್ತಿಯ ದೂರದರ್ಶಕದವರಿಗೆ ಅಡುಗೆ ಮಾಡಿಕೊಂಡಿದ್ದಳು. ಆ ಚಳಿಗಾಲ ಅಲ್ಲಿನ ವಿಜ್ಞಾನಿ ಯೂಬಾ ಒಂದು ಸುರುಳಿ ಗೆಲಾಕ್ಸಿಯ ಹಿಂದೆ ಬಿದ್ದಿದ್ದ. ನಡುವೆ ಹಳದಿ ಉಂಡೆ, ಸುತ್ತ ಎರಡು ನೀಲಿ ಸುರುಳಿ; ಸೆಕೆಂಡಿಗೆ ಸಾವಿರ ಕಿಲೋಮೀಟರ್ ವೇಗದಲ್ಲಿ, ಇತ್ತೊಳನ್ನು ಕಂಡ ತೋಳದಂತೆ, ನಮ್ಮಿಂದ ದೂರ ಓಡುತ್ತಿತ್ತು. ಅದರಲ್ಲೊಂದು ನಕ್ಷತ್ರ ಸಿಡಿದಿತ್ತು. ಅದರ ಬೆಳಕು ದಿನದಿನಕ್ಕೆ ಕುಗ್ಗುವುದನ್ನು ಅಳೆದರೆ ಗೆಲಾಕ್ಸಿ ಎಷ್ಟು ದೂರವೆಂದು ತಿಳಿಯುತ್ತದೆ. ಒಂದು ಸಂಜೆ ತಪ್ಪಿದರೂ ಲೆಕ್ಕ ಕೆಟ್ಟಂತೆಯೇ. ಯೂಬಾ ಅದನ್ನು ಇತ್ತೊಳಿಗೂ ತೋರಿಸಿದ್ದ. ಅಂದಿನಿಂದ ಆ ನಕ್ಷತ್ರದ ಕ್ಷೇಮ ವಿಚಾರಿಸದೆ ಅವಳು ಸಾರಿಗೆ ಉಪ್ಪು ಹಾಕುತ್ತಿರಲಿಲ್ಲ.

ಒಂದು ಸಂಜೆ, ಕೆಳಗಿನ ವಸತಿಗೃಹದ ಒಡೆಯ ಬಿಹಿ, ಹಿಮದಲ್ಲಿ ಜಾರುವ ಗಿರಾಕಿಗಳಿಗೆಂದು ಕಂಬದ ಮೇಲೆ ಸೂರ್ಯನ ತಮ್ಮನಂಥ ದೀಪ ಹಚ್ಚಿದ. ಪಶ್ಚಿಮದ ಆಕಾಶವೆಲ್ಲ ಹಾಲುಹಾಲು. ಗೆಲಾಕ್ಸಿ ಮುಳುಗುವ ಹೊತ್ತು ಬೇರೆ.

"ಇಷ್ಟು ದಿನದ್ದೆಲ್ಲ ದಂಡ, ಲಲ್ಲಾ," ಎಂದು, ಅವಳನ್ನು ಯಾವಾಗಲೂ ಹಾಗೆ ಗೌರವದಿಂದ ಕರೆಯುತ್ತಿದ್ದ ಯೂಬಾ ತಲೆಮೇಲೆ ಕೈಹೊತ್ತ.

ಇತ್ತೊ ಕವಣೆ ಹಿಡಿದು ಇಳಿದಳು. "ದೀಪ ಆರಿಸೋ, ಬಿಹಿ!"

"ಹೋಗೇ, ನಿನ್ನ ಮಡಕೆ ನೋಡ್ಕೊ! ಆ ನಕ್ಷತ್ರ ಸತ್ತು ಐದು ಕೋಟಿ ವರ್ಷ ಆಯ್ತಂತೆ. ಹೆಣಕ್ಕೇನೇ ಅವಸರ?"

ಮೊದಲ ಕಲ್ಲು ಅವನ ಚಹಾದ ಕೆಟಲಿಗೆ ಬಿತ್ತು. ಎರಡನೆಯದು ಮುಂದಿನ ಹಲ್ಲುಗಳಿಗೆ. ಮೂರನೆಯದು ಎಲ್ಲಿ ಹೋಯಿತೋ, ಇನ್ನೂ ನೆಲಕ್ಕೆ ಬಿದ್ದ ಸುದ್ದಿಯಿಲ್ಲ. ದೀಪ ಮಾತ್ರ ಉರಿಯುತ್ತಲೇ ಇತ್ತು. ಬಿಹಿ ಸಲಿಕೆ ಬೀಸಿದ. ಅವಳ ಎಡಗೈ ಒಣಸೌದೆಯಂತೆ ಲಟಕ್ಕೆಂದಿತು. ಅವಳು ಹಣೆಯಿಂದ ಗುದ್ದಿ ಅವನ ಮೂಗು ಒಡೆದಳು. ಕಚ್ಚುತ್ತ, ಒದೆಯುತ್ತ ಇಬ್ಬರೂ ಉರುಳಿದ ರಭಸಕ್ಕೆ ಬೆಟ್ಟ ಒಂದು ಗೇಣು ಗಿಡ್ಡಾಯಿತು, ಹಿಮ ದಾಳಿಂಬೆ ಹಿಂಡಿದಂತೆ ಕೆಂಪಾಯಿತು. ಕೊನೆಗೆ ಇತ್ತೊ ಉಳಿದ ಒಂದೇ ಕೈಯಲ್ಲಿ ಕಂಬ ಅಪ್ಪಿ ಅಲ್ಲಾಡಿಸಿ ಕಿತ್ತೇಬಿಟ್ಟಳು. ಅದು ಬಿಹಿಯ ಮಾಡಿನ ಮೇಲೆ ಮುರಿದು ಬಿತ್ತು. ಕತ್ತಲೆ. ಮೇಲೆ ಯೂಬಾನಿಗೆ ಆ ಸಂಜೆಯ ಅಳತೆ ಸಿಕ್ಕಿತು.

ಬೆಳಿಗ್ಗೆ ಊರ ಹಿರಿಯ ಇಬ್ಬರನ್ನೂ ಕೂರಿಸಿ ಕೇಳಿದ: "ಐದು ಕೋಟಿ ವರ್ಷ ಕಾದದ್ದು ಇನ್ನೊಂದು ದಿನ ಕಾಯ್ತಿರ್ಲಿಲ್ವೇನಮ್ಮ?"

"ಕಾದಿದ್ದಲ್ಲಜ್ಜ, ಅದರ ಬೆಳಕು ಅಷ್ಟೂ ವರ್ಷ ನಡ್ಕೊಂಡು ಬಂದದ್ದು. ಬಾಗಿಲಿಗೆ ಬಂದ ಅತಿಥಿ ಮುಖಕ್ಕೆ ದೀಪ ಹಿಡಿದು ಓಡಿಸೋದು ಯಾವಾಗಿಂದ ನಮ್ಮ ಪದ್ಧತಿ?"

ಹಿರಿಯ ಗಡ್ಡ ನೀವಿಕೊಂಡ. ಬಿಹಿ ಬೋಳು ವಸಡಿನಲ್ಲೇ ಚುಚ್ಚಿದ: "ದೊಡ್ಡ ಗುರಿಗಾರ್ತಿ! ಒಂದು ಕಲ್ಲಾದ್ರೂ ದೀಪಕ್ಕೆ ಬಿತ್ತಾ?"

"ದೀಪಕ್ಕೆ ಗುರಿ ಇಟ್ಟಿದ್ದೆ ಅಂತ ನಿಂಗ್ಯಾರೋ ಹೇಳಿದ್ದು?"